ನೀರುಕಾಗೆಯ ಗೂಡಿಗೆ ಬೇವಿನ ಪುಡಿ

ಪುಟ್ಟೇನಹಳ್ಳಿ ಕೆರೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ರಿಟೈರ್ಡ್ ಲೆಕ್ಚರರ್ ಶಾಂತವೀರಪ್ಪನವರ ಬಾಲ್ಕನಿಗೆ ತಾಗಿದ ಹೊಂಗೆಕೊಂಬೆಯಲ್ಲಿ ನೀರುಕಾಗೆಯೊಂದು ಮೂರು ಮರಿ ಮಾಡಿತ್ತು. ಅವುಗಳ ಅರಚಾಟದಿಂದ ಅವರ ಮಧ್ಯಾಹ್ನದ ನಿದ್ದೆ ಕೆಟ್ಟು ತಿಂಗಳಾಗಿತ್ತು. ದಿನಾ ಶಿವಪೂಜೆಯ ಹೊತ್ತಿಗೆ ಸರಿಯಾಗಿ ಕಿಟಕಿಯಿಂದ ಮೀನಿನ ವಾಸನೆ ಬರುತ್ತಿತ್ತು. ಹೆಂಡತಿ ಸರ್ವಮಂಗಳಾ ಮೂಗಿಗೆ ಸೆರಗು ಹಿಡಿದೇ ಮಂತ್ರ ಹೇಳುವುದನ್ನು ರೂಢಿಸಿಕೊಂಡಿದ್ದರು.

ಒಂದು ಬೆಳಿಗ್ಗೆ ಶಾಂತವೀರಪ್ಪ ಪೇಪರಿನಲ್ಲಿ ಒಂದು ಸುದ್ದಿ ಓದಿದರು. ಯಾವುದೋ ದ್ವೀಪದ ಕಡಲಹಕ್ಕಿಗಳ ಗೂಡಿನಲ್ಲಿ, ನಾಯಿ ಮೈಮೇಲಿರುವಂಥ ಉಣ್ಣೆಗಳು ಮರಿಗಳ ರಕ್ತ ಹೀರುತ್ತಿದ್ದವಂತೆ. ಗೂಡಿಗೆ ಔಷಧಿ ಹಾಕಿದ ಮೇಲೆ ಮರಿಗಳು ಚೆನ್ನಾಗಿ ಬೆಳೆದವಂತೆ.

"ಬೇಗ ಬೆಳೆದ್ರೆ ಬೇಗ ತೊಲಗ್ತಾವೆ ಕಣೇ," ಎಂದರು.

"ನಿಮಗ್ಯಾಕ್ರೀ ಅವುಗಳ ಬಾಣಂತನ?" ಎಂದು ಹೆಂಡತಿ ಒಳಗೆ ಹೋದರು.

ಶಾಂತವೀರಪ್ಪ ನೆಲ ಒರೆಸುವ ಕೋಲಿಗೆ ಟೀ ಸೋಸುವ ಜರಡಿ ಕಟ್ಟಿದರು. ಅದರಲ್ಲಿ ಬೇವಿನ ಪುಡಿ ತುಂಬಿ, ಸ್ಟೂಲ್ ಹತ್ತಿ ಗೂಡಿನ ಮೇಲೆ ಅಲ್ಲಾಡಿಸಿದರು. ಹೆದರಿದ ಮರಿಯೊಂದು ಕತ್ತು ಚಾಚಿ, ಅರ್ಧ ಜೀರ್ಣವಾದ ಮೀನನ್ನು ನೇರವಾಗಿ ಅವರ ಬೋಳುತಲೆಯ ಮೇಲೆ ಕಕ್ಕಿತು. ಗೂಡು ಬಿಟ್ಟ ಉಣ್ಣೆಗಳು ಕೋಲು ಹಿಡಿದು ಇಳಿದು, ಅವರ ಬನಿಯನ್ನಿನೊಳಗೆ ಹೊಸ ವಾಸ ಹೂಡಿದವು. ಶಾಂತವೀರಪ್ಪ ಸ್ಟೂಲಿನ ಮೇಲೆಯೇ ಕುಣಿಯತೊಡಗಿದರು. ಉಳಿದ ಪುಡಿಯೆಲ್ಲ ಕೆಳಗಿನ ಮನೆಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ಅಸೋಸಿಯೇಷನ್ ಸೆಕ್ರೆಟರಿ ದೇವದಾಸರ ಲೋಟಕ್ಕೆ ಬಿತ್ತು.

ಶಾಂತವೀರಪ್ಪ ಹಕ್ಕಿಗಳಿಗೆ ವಿಷ ಹಾಕುತ್ತಿದ್ದಾರೆಂದು ದೇವದಾಸರು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹಕ್ಕಿ ನೋಡುವವರ ಸಂಘಕ್ಕೂ ಫೋನ್ ಮಾಡಿದರು. ಸಂಜೆಯಷ್ಟರಲ್ಲಿ ಅರ್ಧ ಬಿಲ್ಡಿಂಗ್ ಶಾಂತವೀರಪ್ಪನವರ ಹಾಲ್‌ನಲ್ಲಿ ಸೇರಿತ್ತು. ಸಂಘದಿಂದ ಬಂದ ಅಂಜನಾ ಎಂಬ ಹುಡುಗಿ ಬೈನಾಕ್ಯುಲರ್ ಹಿಡಿದು ಬಹಳ ಹೊತ್ತು ಗೂಡನ್ನೇ ನೋಡಿದಳು. ಮೈ ಕೆರೆಯುತ್ತಾ ಮೂಲೆಯಲ್ಲಿ ನಿಂತಿದ್ದ ಶಾಂತವೀರಪ್ಪನವರಿಗೆ ಆಗಲೇ ಜೈಲಿನ ಬಾಗಿಲು ಕಾಣುತ್ತಿತ್ತು.

"ಏನ್ ಹಾಕಿದ್ರಿ ಅಂಕಲ್?"

"ಬರೀ ಬೇವಿನ ಪುಡಿ ಕಣಮ್ಮ."

"ಹೀಗೆಲ್ಲ ಗೂಡು ಮುಟ್ಟಬಾರದು. ಆದ್ರೆ ಮರಿಗಳು ಚೆನ್ನಾಗಿವೆ. ಎರಡು ವಾರದಲ್ಲಿ ಹಾರಿಹೋಗ್ತಾವೆ."

ಶಾಂತವೀರಪ್ಪನವರಿಗೆ ಕೆರೆತವೇ ಮರೆತುಹೋಯಿತು. ದೇವದಾಸರ ಮುಖ ಸಣ್ಣದಾಯಿತು. ಸರ್ವಮಂಗಳಾ ಎಲ್ಲರಿಗೂ ಕಾಫಿ ಇಡಲು ಎದ್ದರು.

"ಆದ್ರೆ ಇಷ್ಟು ಕ್ಲೀನಾಗಿರೋ ಗೂಡು ಖಾಲಿ ಉಳಿಯಲ್ಲ ಅಂಕಲ್," ಎಂದು ಅಂಜನಾ ಬೈನಾಕ್ಯುಲರನ್ನು ಅವರ ಕೈಗೆ ಕೊಟ್ಟಳು. "ಆ ಮೇಲಿನ ಕೊಂಬೆ ನೋಡಿ."

ಶಾಂತವೀರಪ್ಪ ನೋಡಿದರು. ಬಾಡಿಗೆ ಮನೆ ನೋಡಲು ಬಂದವರಂತೆ ಮೂರು ಜೋಡಿ ನೀರುಕಾಗೆಗಳು ಸಾಲಾಗಿ ಕೂತು, ಕತ್ತು ಉದ್ದ ಮಾಡಿ ಅವರ ಬಾಲ್ಕನಿಯನ್ನೇ ನೋಡುತ್ತಿದ್ದವು. ಅವುಗಳಲ್ಲೊಂದು ಆಗಲೇ ಕೊಕ್ಕಿನಲ್ಲಿ ಕಡ್ಡಿ ಹಿಡಿದಿತ್ತು.