ಮಾವನ ಮಸೆಯುವ ಗಾಡಿ

ನಮ್ಮ ಸೋದರಮಾವನ ಎಡಗೈ ಮೇಲೆ ಒಂದೇ ಒಂದು ಕೂದಲಿರಲಿಲ್ಲ! ರೋಗವಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ಉಳಿ ಮಸೆಯುವ ಹುಚ್ಚು. ಮಸೆದದ್ದು ಹರಿತವಾಯಿತೋ ಇಲ್ಲವೋ ಎಂದು ಕೈಕೂದಲು ಬೋಳಿಸಿ ನೋಡುತ್ತಿದ್ದ.

ಹಾಗಂತ ಮಾವ ಬಡಗಿಯೇ? ಅಲ್ಲವೇ ಅಲ್ಲ. ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇತ್ತು. ತೊಂಬತ್ತರ ದಶಕ, ಊರ ಗಂಡಸರೆಲ್ಲ ಟಿ.ವಿ. ಮುಂದೆ ಕ್ರಿಕೆಟ್ಟಿಗೆ ಕೂತರೆ, ಈತ ಹಿತ್ತಲಲ್ಲಿ ಸಾಣೆಕಲ್ಲಿನ ಮುಂದೆ ಕೂರುತ್ತಿದ್ದ. ಬರಿಗೈಯಲ್ಲಿ ಮಸೆದರೆ ಉಳಿ ಅತ್ತಿತ್ತ ವಾಲುತ್ತದೆಂದು ಒಂದು ಸಾಧನವನ್ನೇ ಕಟ್ಟಿದ. ಎರಡು ಸಾಗುವಾನಿ ತುಂಡು, ನಡುವೆ ಉಳಿ ಸಿಕ್ಕಿಸಿ ಬಿಗಿಯಲು ಬೋಲ್ಟು, ಕೆಳಗೊಂದು ಗಾಲಿ. ಅದಕ್ಕೆ 'ಗಾಡಿ' ಎಂದೇ ಹೆಸರಿಟ್ಟ. ಕಲ್ಲಿನ ಮೇಲೆ ಹಿಂದೆ ಮುಂದೆ ಉರುಳಿಸಿದರೆ ಸಾಕು, ಉಳಿ ಅಲ್ಲಾಡದೆ ಅದೇ ಓರೆಗೆ ನಿಲ್ಲುತ್ತಿತ್ತು. ಗಾಲಿ ಬಂದದ್ದೆಲ್ಲಿಂದ ಅಂತೀರಿ? ಟಿ.ವಿ. ಸ್ಟ್ಯಾಂಡಿನಿಂದ! ಅವತ್ತಿನಿಂದ ಮಾವನ ಮನೆಯಲ್ಲಿ ವಾರ್ತೆ ಓದುವವರೆಲ್ಲ ಒಂದು ಕಡೆ ವಾಲಿಕೊಂಡೇ ಓದುತ್ತಿದ್ದರು.

"ಅದರಾಗ ನನ್ನ ಈಳಿಗಿನೂ ಒಂದೀಟು ಮಸದು ಕೊಡ್ರಿ," ಎಂದಳು ಅತ್ತೆ.

"ಏ, ಮುಟ್ಟಬ್ಯಾಡ! ಅದು ಉಳಿಗೆ ಮಾಡಿದ್ದು."

"ಆ ಉಳಿ ಹಿಡಕೊಂಡು ಇಲ್ಲೀಮಟ ಏನು ಮಾಡೀರಿ?"

"ಹರಿತ ಮಾಡೀನಿ!"

ಹೀಗಿರುವಾಗ ಮಾವನ ಮಗಳನ್ನು ನೋಡಲು ಹರಪನಹಳ್ಳಿಯಿಂದ ಗಂಡಿನವರು ಬಂದರು. ಮಂಡಕ್ಕಿ, ಮಿರ್ಚಿ ಮುಗಿಯಿತು. ಮಾತೂ ಮುಗಿದಂತಿತ್ತು. ಬಿಗಿಮೋರೆಯ ಬೀಗರು, ಅಂದರೆ ಗಂಡಿನ ಅಪ್ಪ, ಕೊನೆಗೆ ಬಾಯಿಬಿಟ್ಟರು: "ನಮ್ದು ಮರದ ಅಡ್ಡೆ ಐತ್ರಿ. ಮೊದಲೆಲ್ಲ ಬಾಗಲಾ, ಕಿಟಕಿ ನಾನ ಮಾಡ್ತಿದ್ದೆ."

ಮಾವನ ಮುಖ ಅರಳಿತು. "ಹಂಗಾರ ಎಡಗೈ ಇತ್ಲಾಗ ಕೊಡ್ರಿ!"

ವಾಚು ಕಟ್ಟುತ್ತಾರೇನೋ ಎಂದು ಅವರು ಸಂಕೋಚದಿಂದಲೇ ಚಾಚಿದರು. ಮಾವ ಒಳಗಿನಿಂದ ಉಳಿ ತಂದವನೇ ಸರ್ರನೆ ಎಳೆದ. ನಾಲ್ಕು ಬೆರಳಗಲ ಜಾಗ ಬೋಳು! ಅತ್ತೆ ಕಾಫಿ ತಟ್ಟೆ ಹಿಡಿದು ಹೊಸ್ತಿಲಲ್ಲೇ ಕಲ್ಲಾದಳು. ಈ ಸಂಬಂಧದ ಕಥೆ ಮುಗಿಯಿತೆಂದು ನಾವೆಲ್ಲ ನೆಲ ನೋಡುತ್ತಾ ಕೂತೆವು.

ಬೀಗರು ಬೋಳಾದ ಕಡೆ ಸವರಿಕೊಂಡರು. "ಯಾರ್ರೀ ಇದನ್ನ ಮಸದಿದ್ದು?"

ಮಾವ ಹಿತ್ತಲಿಗೆ ಕರೆದೊಯ್ದು ಗಾಡಿ ತೋರಿಸಿದ. ಅವರು ಅದನ್ನು ಹಿಡಿಯಲು ಬಲಗೈ ಚಾಚಿದಾಗಲೇ ನಮಗೆ ಕಂಡದ್ದು, ಆ ಕೈ ಗಡಗಡ ನಡುಗುತ್ತಿತ್ತು. ಅವರು ನಾಚಿ ಕೈ ಹಿಂತೆಗೆದುಕೊಂಡರು. ಹೆಂಡತಿಗೂ ಗಾಡಿ ಮುಟ್ಟಗೊಡದ ಮಾವ ಆ ಕೈ ಹಿಡಿದು ಗಾಡಿಯ ಮೇಲಿಟ್ಟ. "ಒತ್ತಬ್ಯಾಡ್ರಿ. ಗಾಲಿ ತಾನ ಓಡತೈತಿ."

ಕೈ ನಡುಗಿತು. ಉಳಿ ನಡುಗಲಿಲ್ಲ.

"ಕೈ ಹಿಂಗಾದ ಮ್ಯಾಲ ಹತ್ಯಾರ ಮುಟ್ಟೇ ಇಲ್ರೀ ಇವ್ರು," ಎಂದು ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೀಗರಿಗೆ ಅದು ಕೇಳಿಸಲಿಲ್ಲ. ಮಸೆಯುತ್ತಲೇ ಇದ್ದರು. ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಲ್ಲಿನ ಮೇಲೆ ನೀರು ಹನಿಸುತ್ತಿದ್ದ.

ಸಂಜೆ ಅವರನ್ನು ಬಸ್ಸು ಹತ್ತಿಸಲು ಹೋದೆವು. ಮಾವ ಟವೆಲಿನಲ್ಲಿ ಸುತ್ತಿದ ಗಾಡಿಯನ್ನು ಬೀಗರ ತೊಡೆ ಮೇಲಿಟ್ಟ.

"ಮಗಳನ್ನ ಆಮ್ಯಾಲ ಕಳಸ್ತೀನ್ರಿ," ಎಂದ. "ಮೊದಲ ಇದನ್ನ ಒಯ್ರಿ."