ಸರಾಸರಿ ಬಾಡಿಗೆಗೆ ಬಿದ್ದ ಕೆಂಪು ಗೀಟು

ಇಡೀ ರಾಜ್ಯದ ಮನೆ ಬಾಡಿಗೆ ನನ್ನ ಬೆರಳ ತುದಿಯಲ್ಲಿದೆ! ಇದು ಜಂಬವಲ್ಲ, ನನ್ನ ಹೊಟ್ಟೆಪಾಡು. ಅಂಕಿಅಂಶಗಳ ಕಚೇರಿಯಲ್ಲಿ ಟೈಪಿಸ್ಟ್ ಆಗಿರುವ ನಾನು ಪ್ರತಿ ವರ್ಷ ಎಲ್ಲ ಜಿಲ್ಲೆಗಳ ಸರಾಸರಿ ಬಾಡಿಗೆಯನ್ನೂ ಟೈಪ್ ಮಾಡಿ ಸಾಹೇಬರ ಮೇಜಿನ ಮೇಲಿಡುತ್ತೇನೆ. ಇಂಥ ಮಹಾಪುರುಷ ತನ್ನ ಮನೆಗೆ ಕೇಳಿದಷ್ಟು ಬಾಡಿಗೆ ಕೊಟ್ಟುಕೊಂಡು ಬಿದ್ದಿರುವುದೇ? ಛೇ! ಈ ತಿಂಗಳು ಬಾಡಿಗೆ ಇಳಿಸಿಯೇ ತೀರುತ್ತೇನೆಂದು ಪಣ ತೊಟ್ಟೆ.

ನನ್ನವಳಿಗೆ ಆಗ ಏಳು ತಿಂಗಳು. ನಾವಿರುವ ಮಹಡಿಯ ಮೂಲೆಯಲ್ಲಿ ಬಿಸಿಲು ಬೀಳುವ ಒಂದು ಪುಟ್ಟ ಕೋಣೆ. ಅದಕ್ಕೆ ತಾನೇ ಹಳದಿ ಬಣ್ಣ ಬಳಿದು, ತೊಟ್ಟಿಲಿನ ಜಾಗವನ್ನು ದಿನಕ್ಕೆರಡು ಸಲ ಬದಲಿಸುತ್ತಿದ್ದಳು.

"ರೀ, ಸುಮ್ನಿರಿ. ಇಷ್ಟು ಬಾಡಿಗೆಗೆ ಇಂಥ ಮನೆ ಎಲ್ಲೂ ಸಿಗಲ್ಲ. ಕೆಳಗಿನ ಟೀಚರನ್ನ ಕೆಣಕ್ಬೇಡಿ."

"ಸಿಗಲ್ಲ ಅಂತ ಯಾರು ಹೇಳಿದ್ರು? ಅಂಕಿಅಂಶ ಏನ್ ಹೇಳುತ್ತೆ ಗೊತ್ತಾ?"

"ನಿಮ್ಮ ಅಂಕಿಅಂಶಕ್ಕೆ ಬೆನ್ನುನೋವು ಬರಲ್ಲ, ನಂಗೆ ಬರುತ್ತೆ! ಈ ಹೊಟ್ಟೆ ಹೊತ್ಕೊಂಡು ಬೇರೆ ಮನೆ ಹುಡುಕೋಕೆ ನನ್ ಕೈಲಾಗಲ್ಲ."

ಯುದ್ಧಕ್ಕೆ ಹೊರಟ ವೀರನಿಗೆ ಬೆನ್ನುನೋವಿನ ಮಾತು ಕೇಳಿಸುತ್ತದೆಯೇ?

ಕೆಳಗಿನ ಟೀಚರ್ ಎಂದರೆ ನಮ್ಮ ಮನೆಯೊಡತಿ. ನಿವೃತ್ತ ಗಣಿತದ ಟೀಚರ್, ಒಂಟಿ ಜೀವ. ಕನ್ನಡಕ ದಪ್ಪ, ಮಾತು ತೆಳು. ಮನೆ ಕೊಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗೋಡೆಗೆ ಮೊಳೆ ಹೊಡೀತೀರಾ?"

ಎಲ್ಲ ಜಿಲ್ಲೆಗಳ ಸರಾಸರಿಯನ್ನು ಕೂಡಿದೆ. ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿದೆ. ಬಂತು ನೋಡಿ ಉತ್ತರ! ನಮ್ಮ ಬಾಡಿಗೆ ರಾಜ್ಯದ ಸರಾಸರಿಗಿಂತ ಹೆಚ್ಚು! "ಸದರಿ ಬಾಡಿಗೆಯನ್ನು ಕೂಡಲೇ ಇಳಿಸತಕ್ಕದ್ದು" ಎಂದು ಠೀವಿಯಿಂದ ಟೈಪಿಸಿ, ಲೆಕ್ಕವನ್ನೂ ಲಗತ್ತಿಸಿ, ಟೀಚರ ಬಾಗಿಲ ಸಂದಿಯಲ್ಲಿ ತೂರಿಸಿ ಬಂದೆ.

ಮರುದಿನ ಬೆಳಿಗ್ಗೆ ಆ ಕಾಗದ ನಮ್ಮ ಬಾಗಿಲ ಸಂದಿಯಲ್ಲಿತ್ತು. ಮೈತುಂಬ ಕೆಂಪು ಗೀಟು! ಅಂಚಿನಲ್ಲಿ ದುಂಡಗಿನ ಅಕ್ಷರ: "ಬಾಡಿಗೆಗೆ ಮೂರೇ ಮನೆ ಇರುವ ಜಿಲ್ಲೆಗೂ ಮೂರು ಲಕ್ಷ ಮನೆ ಇರುವ ಜಿಲ್ಲೆಗೂ ಒಂದೇ ತೂಕವೇ? ವಿಧಾನ ತಪ್ಪು. ಅಂಕ ಸೊನ್ನೆ. ಸಂಜೆ ಆರಕ್ಕೆ ಬಂದು ತಿದ್ದಿಕೊಂಡು ಹೋಗುವುದು."

"ಹೋಗಿ, ಲೇಟಾದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ" ಎಂದು ನನ್ನವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಹೋದೆ. ಕೈಕಟ್ಟಿ ಸ್ಟೂಲಿನ ಮೇಲೆ ಕೂತೆ.

"ಅಲ್ಲಪ್ಪ, ಸರ್ಕಾರ ನಿನ್ ಲೆಕ್ಕ ನಂಬ್ಕೊಂಡಿದ್ಯಾ?"

"ಇಲ್ಲ ಟೀಚರ್, ನಾನು ಬರೀ ಟೈಪ್ ಮಾಡೋನು."

"ಸದ್ಯ, ಬದುಕ್ಕೊಂಡ್ವಿ!"

ಮೂರು ಸಂಜೆ ಪಾಠ ನಡೆಯಿತು. ಪ್ರತಿ ಜಿಲ್ಲೆಯ ಬಾಡಿಗೆಯನ್ನು ಅಲ್ಲಿನ ಬಾಡಿಗೆ ಮನೆಗಳ ಸಂಖ್ಯೆಯಿಂದ ಗುಣಿಸಬೇಕು, ಎಲ್ಲ ಕೂಡಬೇಕು, ಒಟ್ಟು ಮನೆಗಳಿಂದ ಭಾಗಿಸಬೇಕು. ದೊಡ್ಡ ಊರುಗಳು ಬಂದು ಸೇರಿದ ಹಾಗೆಲ್ಲ ಉತ್ತರ ಏರತೊಡಗಿತು, ನನ್ನ ಜೀವ ಇಳಿಯತೊಡಗಿತು. ಮೂರನೆಯ ಸಂಜೆ ನೋಡಿದರೆ ರಾಜ್ಯದ ಸರಾಸರಿ ನಮ್ಮ ಬಾಡಿಗೆಯ ಒಂದೂವರೆ ಪಟ್ಟು! ನಮ್ಮ ಊರಿನದಂತೂ ಕೇಳಲೇಬೇಡಿ. ಬಾಡಿಗೆ ಇಳಿಸಲು ಹೋದವನು ಅದನ್ನು ಏರಿಸಬೇಕೆಂದು ಸ್ವಂತ ಕೈಬರಹದಲ್ಲಿ ಸಾಬೀತು ಮಾಡಿಕೊಟ್ಟಿದ್ದೆ.

"ಇದನ್ನ ಚೊಕ್ಕವಾಗಿ ಬರ್ಕೊಂಡು ನಾಳೆ ಬೆಳಿಗ್ಗೆ ತಾ. ಬಾಡಿಗೆ ಕರಾರು ಪತ್ರಾನೂ ತಗೊಂಡ್ ಬಾ" ಎಂದರು ಟೀಚರ್. ಕರಾರು ಪತ್ರವೆಂದರೆ ಬಾಡಿಗೆ ಏರಿತೆಂದೇ ಅರ್ಥ!

ಮೇಲೆ ಬಂದು ತಪ್ಪೊಪ್ಪಿಕೊಂಡೆ. ನನ್ನವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಳದಿ ಕೋಣೆಗೆ ಹೋಗಿ ಗೋಡೆಯ ಮೇಲೆ ಕೈಯಿಟ್ಟು ನಿಂತಳು.

"ಈ ಕೋಣೆಗೇ ನನ್ ಮಗು ಬರ್ಬೇಕು ಅಂತ ಆಸೆ ಇತ್ತು ರೀ" ಎಂದಳು. ನನ್ನಂಥ ದಡ್ಡನನ್ನು ಕಟ್ಟಿಕೊಂಡದ್ದಕ್ಕೆ ಪಾಪ, ಇವಳು ಪಡಬಾರದ ಪಾಡು ಪಡಬೇಕಲ್ಲ ಎಂದು ಕಣ್ಣು ತುಂಬಿ ಬಂತು.

ಬೆಳಿಗ್ಗೆ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. "ನೀವೊಬ್ರೇ ಹೋದ್ರೆ ಮೆಟ್ಟಿಲಿಗೂ ಬಾಡಿಗೆ ಒಪ್ಕೊಂಡು ಬರ್ತೀರಿ!"

ಟೀಚರ್ ಲೆಕ್ಕವನ್ನು ಸಾಲುಸಾಲಾಗಿ ನೋಡಿದರು. ಪ್ರತಿ ಸಾಲಿಗೂ ಒಂದು ಟಿಕ್. ಕೊನೆಗೆ ಹತ್ತಕ್ಕೆ ಹತ್ತು! ಹುಟ್ಟಿದಾರಭ್ಯ ನನಗೆ ಗಣಿತದಲ್ಲಿ ಪೂರ್ತಿ ಅಂಕ ಬಂದದ್ದು ಅದೇ ಮೊದಲು, ಅದಕ್ಕೂ ಸಂತೋಷಪಡುವ ಹಾಗಿರಲಿಲ್ಲ.

"ಹಾಗಾದ್ರೆ ಟೀಚರ್, ಬಾಡಿಗೆ..." ನನ್ನವಳು ಕರಾರು ಪತ್ರವನ್ನು ಮುಂದಿಟ್ಟಳು.

"ಹಳೇದೇ ಇರ್ಲಿ ಬಿಡಮ್ಮ. ಸರಾಸರಿ ಅಂದ್ಮೇಲೆ ಕೆಲವರು ಜಾಸ್ತಿ ಕೊಡ್ತಾರೆ, ಕೆಲವರು ಕಮ್ಮಿ ಕೊಡ್ತಾರೆ. ನೀವು ಕಮ್ಮಿ ಕೊಡೋರ ಸಾಲಲ್ಲೇ ಇರಿ." ಟೀಚರ್ ಕನ್ನಡಕ ತೆಗೆದು ಒರೆಸಿದರು. "ಈ ಮನೇಲಿ ಮಗು ಅತ್ತ ಸದ್ದು ಕೇಳಿ ಎಷ್ಟೋ ವರ್ಷ ಆಯ್ತು."

ನನ್ನವಳು ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ನಾನೂ ಕರವಸ್ತ್ರ ತೆಗೆದೆ.

"ಆದ್ರೆ ಒಂದು ಷರತ್ತು ಸೇರಿಸ್ತೀನಿ" ಎಂದು ಟೀಚರ್ ಕರಾರು ಪತ್ರದ ಕೆಳಗೆ ಏನೋ ಗೀಚಿ ನನ್ನ ಕೈಗಿತ್ತರು.

ಓದಿದೆ: "ಹುಟ್ಟುವ ಮಗುವಿಗೆ ಲೆಕ್ಕವನ್ನು ಮನೆಯೊಡತಿಯೇ ಕಲಿಸತಕ್ಕದ್ದು. ತಂದೆಯಾದವನು ಮಗ್ಗಿ ಪುಸ್ತಕವನ್ನು ಮುಟ್ಟಕೂಡದು."

ತಲೆಯೆತ್ತಿ ಆಕ್ಷೇಪಿಸೋಣವೆಂದರೆ, ನನ್ನವಳು ಕಾಗದ ಕಿತ್ತುಕೊಂಡು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಯೇಬಿಟ್ಟಿದ್ದಳು!