ಭಾವನ ಕೆರಿಯರ್

ನನ್ನ ಭಾವನಿಗೆ ಯುರೋಪು ಎಂದರೆ ಅಂಗೈ ನೆಲ್ಲಿಕಾಯಿ. ಒಂದೇ ಒಂದು ಸಣ್ಣ ತೊಡಕು ಏನೆಂದರೆ, ಅವರ ಯುರೋಪು ಇಡಿಯಾಗಿ ಬೈಂದೂರು ಮತ್ತು ಕುಂದಾಪುರದ ಆಸುಪಾಸಿನಲ್ಲೇ ಇದೆ! ಆಲ್ಪ್ಸ್ ಪರ್ವತ ಶುರುವಾಗುವುದು ಅಮಾಸೆಬೈಲಿನಲ್ಲಿ. ಹಾಲೆಂಡಿನ ಅಡ್ಡಗಾಳಿ ಬೀಸುವುದು ಮರವಂತೆಯಲ್ಲಿ. ಬೆಲ್ಜಿಯಮ್ಮಿನ ಕಲ್ಲುಹಾಸಿನ ರಸ್ತೆಯನ್ನು ನೋಡಬೇಕೆಂದರೆ ಅಷ್ಟು ದೂರ ಹೋಗುವುದೇ ಬೇಡ, ಬಿಜೂರಿನ ಅವರ ಮನೆಯಿಂದ ಹೆದ್ದಾರಿಗೆ ಬರುವ ದಾರಿಯಲ್ಲಿ ಒಮ್ಮೆ ರಿಕ್ಷಾದಲ್ಲಿ ಕೂತರೆ ಸಾಕು. ಸೊಂಟ ತಾನೇ ಹೇಳುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಗದ್ದೆ, ತೆಂಗು ನೋಡಿಕೊಂಡು ಬಿಜೂರಿನಲ್ಲೇ ಇರುವವರು. ಅಕ್ಕ ಬ್ರಹ್ಮಾವರದ ಶಾಲೆಯೊಂದರಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತಳಾದವಳು. ನಾನು ಕುಂದಾಪುರದಲ್ಲಿ ಕನ್ನಡಕದ ಅಂಗಡಿ ಇಟ್ಟವನು, ಹಾಗಾಗಿ ಭಾವನ ಬಾಯಲ್ಲಿ ನನ್ನ ಹೆಸರೇ 'ಕನ್ನಡ್ಕ'. ಭಾನುವಾರ ಅಂಗಡಿಗೆ ರಜೆ. ಊಟಕ್ಕೆ ಅಕ್ಕನ ಮನೆಗೆ ಹೋಗುತ್ತೇನೆ, ಊಟದ ಜೊತೆಗೆ ಭಾವನ ಯುರೋಪು ಪುಕ್ಕಟೆ.

ಈ ಹುಚ್ಚು ಅಂಟಿದ್ದು ಕ್ರಿಕೆಟ್ಟಿನಿಂದ. ಯಾವುದೋ ಮ್ಯಾಚಿಗೆ ಮಳೆ ಬಂದು ಆಟ ನಿಂತಿತ್ತಂತೆ. ಭಾವ ರಿಮೋಟಿನ ಸಿಕ್ಕಿದ ಗುಂಡಿ ಒತ್ತಿದರು. ಟಿವಿಯಲ್ಲಿ ಹಸಿರು ಬಯಲಿನ ನಡುವೆ ಬಣ್ಣಬಣ್ಣದ ಅಂಗಿಯವರು ಹಿಂಡುಹಿಂಡಾಗಿ ಸೈಕಲ್ ತುಳಿಯುತ್ತ ಹೊರಟಿದ್ದರು. ಅಷ್ಟೇ, ಮಳೆ ನಿಂತು ಕ್ರಿಕೆಟ್ ಶುರುವಾದರೂ ಭಾವ ವಾಪಸು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

“ಎಂಥಾ ಚಂದ ಕಾಣ್ ಮಾರಾಯ,” ಎಂದರು ನನ್ನ ಹತ್ತಿರ. “ಯಾರೂ ಔಟ್ ಆತಿಲ್ಲೆ. ಎಲ್ರೂ ಹೋತಾ ಇರ್ತ್ರ್.”

ಆ ಹೊತ್ತಿನಲ್ಲಿ ಭಾವನನ್ನು ನೀವು ನೋಡಬೇಕು. ಸಂಜೆಯ ಬಿಸಿಲು ಜಗಲಿಯಿಂದ ಒಳಗೆ ಇಣುಕಿ, ನೆಲದ ಮೇಲೆ ಮೆಲ್ಲಗೆ ಜರುಗುತ್ತಿರುತ್ತದೆ. ಟಿವಿಯಲ್ಲಿ ಹೆಲಿಕಾಪ್ಟರಿನಿಂದ ತೆಗೆದ ನೋಟ: ನದಿ, ನದಿಯ ಮೇಲೊಂದು ಹಳೆಯ ಸೇತುವೆ, ಸೂರ್ಯಕಾಂತಿ ಹೊಲ, ಹೊಲದಾಚೆ ಇಗರ್ಜಿಯ ಗೋಪುರ. ಭಾವ ಆರಾಮಕುರ್ಚಿಯಲ್ಲಿ ಮಲಗಿ ಅರೆಗಣ್ಣು ಮುಚ್ಚಿರುತ್ತಾರೆ. ಕಾಲಿನ ಹೆಬ್ಬೆರಳು ಮಾತ್ರ ಗಾಳಿಯಲ್ಲಿ ಮೆಲ್ಲಗೆ ಪೆಡಲ್ ತುಳಿಯುತ್ತಿರುತ್ತದೆ. ನಿದ್ದೆಯೋ ಎಚ್ಚರವೋ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. “ಎಲ್ಲಿಗ್ ಮುಟ್ರಿ ಭಾವ?” ಎಂದು ಕೇಳಿದರೆ ಕಣ್ಣು ಬಿಡದೆಯೇ ಉತ್ತರ ಬರುತ್ತದೆ: “ಈಗಷ್ಟೇ ಹೊಳಿ ದಾಟ್ತ್. ಇನ್ ಏರ್ ಬತ್ತ್.” ಸೌಪರ್ಣಿಕೆಯನ್ನು ದಾಟಿದರೋ ಫ್ರಾನ್ಸಿನ ಹೊಳೆಯನ್ನೋ ನಾನು ಕೇಳಲು ಹೋಗುವುದಿಲ್ಲ. ನನಗೂ ಒಮ್ಮೊಮ್ಮೆ ಆ ನೋಟ ನೋಡುತ್ತ ನೋಡುತ್ತ ಎರಡೂ ಒಂದೇ ಅನಿಸಿ ಕಣ್ಣು ಎಳೆಯುವುದುಂಟು.

ಸವಾರರ ಹೆಸರುಗಳು ಮಾತ್ರ ಭಾವನ ನಾಲಿಗೆಗೆ ಬಗ್ಗಲಿಲ್ಲ. ಬಗ್ಗದಿದ್ದರೆ ಬಿಡುವ ಜಾತಿಯೇ ಅದು? ಎಲ್ಲರಿಗೂ ಮೀನಿನ ಹೆಸರಿಟ್ಟರು. ಬೆಟ್ಟ ಹತ್ತುವುದರಲ್ಲಿ ಎಲ್ಲರನ್ನೂ ಹಿಂದೆ ಹಾಕುವ, ನೋಡಲು ನೀಳವಾಗಿ ಹೊಳೆಯುವವನು ಅಂಜಲ್. ಕೊನೆಯ ಗಳಿಗೆಯಲ್ಲಿ ಸಂದಿಯಿಂದ ಚಿಮ್ಮಿ ಬರುವವನು ಕಾಣೆ. ಇನ್ನು ಅಂಜಲಿನ ತಂಡದಲ್ಲೇ ಒಬ್ಬ ವಯಸ್ಸಾದವನಿದ್ದ. ಗೆಲ್ಲುವುದು ಅವನ ಕೆಲಸವಲ್ಲ. ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿಗಳನ್ನು ಪಡೆದು, ಅಂಗಿಯ ಬೆನ್ನಿನೊಳಗೆ ತುರುಕಿಕೊಂಡು, ಗೂನುಬೆನ್ನಾಗಿ ಮುಂದೆ ಹೋಗಿ ಅಂಜಲಿಗೆ ಕೊಡುವುದು ಅವನ ಕೆಲಸ. ಅವನಿಗೆ ಭಾವ ಇಟ್ಟ ಹೆಸರು ಬೈಗೆ. ಮಂಗಳೂರಿನವರು ಬೂತಾಯಿ ಎನ್ನುತ್ತಾರಲ್ಲ, ಹಿಂಡಿನಲ್ಲೇ ಹುಟ್ಟಿ ಹಿಂಡಿನಲ್ಲೇ ತಿರುಗುವ ಬಡಪಾಯಿ ಮೀನು, ಅದೇ.

ಭಾವನಿಗೆ ಇಡೀ ಯುರೋಪಿನ ಮೇಲೆ ಇದ್ದ ಒಂದೇ ತಕರಾರು ಕೆರಿಯರಿನದು. ಸೈಕಲ್ಲಿನ ಹಿಂದೆ ಸಾಮಾನು ಕಟ್ಟಲು, ಜನ ಕೂರಲು ಇರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಕೆರಿಯರ್ ಎನ್ನುವುದು. “ಕೆರಿಯರ್ ಇಲ್ದಿದ್ ಸೈಕಲ್ ಎಂತ ಸೈಕಲ್? ಹಿಂದ್ ಒಂದ್ ಅಕ್ಕಿ ಮೂಟಿ ಕಟ್ಕಂಡ್ ಹತ್ಲಿ ಕಾಂಬ ಆ ಗುಡ್ಡಿ,” ಎನ್ನುತ್ತಿದ್ದರು. ಒಮ್ಮೆ ಬ್ರಹ್ಮಾವರದ ಅಂಗಡಿಯೊಂದಕ್ಕೆ ರೇಸ್ ಸೈಕಲ್ ಬಂದಿದೆ ಎಂದು ತಿಳಿದು ಅವರನ್ನು ಕರೆದುಕೊಂಡು ಹೋದೆ. ಅಂಗಡಿಯವನು ಅದನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದ. ಭಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಗಾಳಿಗ್ ಹಾರಿ ಹೋತ್ತ್ ಇದ್. ಕಟ್ಟುಕ್ ಹಗ್ಗ ನೀವೇ ಕೊಡ್ತ್ರಿಯಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಇದ್ಕ್ ಒಂದ್ ಕೆರಿಯರ್ ಕೂರ್ಸುಕ್ ಆತ್ತಾ?” ಎಂದು ಕೇಳಿದರು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಗಾಳಿ ಹೊಡೆಯುವ ಪಂಪನ್ನು ನೋಡಿದೆ.

ಇನ್ನೊಂದು ದಿನ ನನ್ನ ಅಂಗಡಿಗೇ ಬಂದು, ಕಣ್ಣು ಪರೀಕ್ಷೆ ಮಾಡು ಎಂದು ಕೂತರು. ಕೂರಿಸಿ ಅಕ್ಷರ ಓದಿಸಿದೆ. ಕೆಳಗಿನ ಸಾಲಿನವರೆಗೂ ಪಟಪಟನೆ ಓದಿ, ಅದರ ಕೆಳಗೆ ಮುದ್ರಣಾಲಯದವನ ಹೆಸರನ್ನೂ ಓದಿದರು.

“ಕಣ್ಣ್ ಸರಿ ಇತ್ತಲ್ಲ ಭಾವ. ಎಂತ ಕಾಂತಿಲ್ಲೆ ನಿಮ್ಗೆ?”

“ಕೆರಿಯರ್. ಟಿವಿಯವ್ರ್ ಇತ್ತ್ ಇತ್ತ್ ಅಂಬ್ರ್. ನಂಗ್ ಕಾಂತಿಲ್ಲೆ.”

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಒರೆಸುವ ಬಟ್ಟೆಯೊಂದನ್ನು ಕೈಯಲ್ಲಿಟ್ಟು ಕಳಿಸಿದೆ.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದವರು ಗೆರೆ ದಾಟುವಾಗ ಎರಡೂ ಕೈ ಮೇಲೆತ್ತುತ್ತಾರೆ ನೋಡಿ, ಅದು ಭಾವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಈ ಮಳೆಗಾಲದ ಮೊದಲಿಗೆ ತಮ್ಮ ಹಳೆಯ ಸೈಕಲ್ಲಿನಲ್ಲಿ ಹೆದ್ದಾರಿಯಿಂದ ಮನೆಗೆ ಬರುತ್ತ, ತೋಡಿನ ಮೋರಿ ದಾಟಿದ್ದೇ ಏನು ತೋರಿತೋ, ಎರಡೂ ಕೈ ಆಕಾಶಕ್ಕೆ ಎತ್ತಿದರು. ಸೈಕಲ್ಲು ಒಂದು ಕಡೆ, ಭಾವ ಗದ್ದೆಯಲ್ಲಿ. ಬಲಗೈ ಮಣಿಕಟ್ಟು ಮುರಿಯಿತು.

ನಾನು ಆಸ್ಪತ್ರೆಗೆ ಓಡಿದೆ. “ಯಾರ್ ಒಟ್ಟಿಗೆ ರೇಸ್ ಬಿಟ್ಟದ್ದ್ ಭಾವ?”

“ಯಾರೂ ಇಲ್ಲೆ. ನಾ ಒಬ್ನೇ.”

“ಒಬ್ರೇ ಇದ್ದಾಗ ಕೈ ಎತ್ತುದ್ ಎಂತಕೆ?”

“ಒಬ್ನೇ ಇದ್ರೆ ನಾನೇ ಅಲ್ದಾ ಗೆಲ್ಲುದ್?” ಎಂದರು ಭಾವ, ಪ್ಲಾಸ್ಟರಿನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು.

ಅಕ್ಕ ನಗಲಿಲ್ಲ. ಮೂಳೆ ಕೂಡಿತು, ಆದರೆ ಹಿಡಿತ ಮೊದಲಿನಂತಾಗಲಿಲ್ಲ. ಇನ್ನು ಸೈಕಲ್ ಮುಟ್ಟಕೂಡದು ಎಂದು ಅಕ್ಕನ ಆಜ್ಞೆಯಾಯಿತು. ಕೊಟ್ಟಿಗೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲಿನ ಪಕ್ಕ ಭಾವ ಒಂದು ಮಣೆ ಹಾಕಿಕೊಂಡು ಕೂರತೊಡಗಿದರು. ಎಡಗೈಯಲ್ಲಿ ಪೆಡಲ್ ತಿರುಗಿಸಿ ಬಿಡುತ್ತಿದ್ದರು. ಹಿಂದಿನ ಚಕ್ರ ಟಿಕ್ ಟಿಕ್ ಟಿಕ್ ಎನ್ನುತ್ತ ತಿರುಗಿ, ನಿಧಾನವಾಗಿ, ನಿಲ್ಲುತ್ತಿತ್ತು. ಮತ್ತೆ ತಿರುಗಿಸುತ್ತಿದ್ದರು. ಟಿವಿ ಕೂಡ ಹಾಕುತ್ತಿರಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅಕ್ಕನಿಗೂ ಆಗುತ್ತಿರಲಿಲ್ಲ ಎಂದು ಕಾಣುತ್ತದೆ, ಅದಕ್ಕೇ ದೀಪಾವಳಿ ಕಳೆದ ಮೇಲೆ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟುಬಿಡುತ್ತೇನೆ, ಕಣ್ಣಿಗೆ ಬಿದ್ದರೆ ತಾನೆ ಈ ಗೋಳು ಎಂದಳು.

ಅಷ್ಟರಲ್ಲಿ ಯುರೋಪಿನಲ್ಲಿ ಸೈಕಲ್ ಸೀಸನ್ ಮುಗಿದಿತ್ತು. ಸೀಸನ್ನಿನ ಕೊನೆಗೆ ಯಾರು ಶ್ರೇಷ್ಠ ಸವಾರ ಎಂದು ನಾನು ಮತ್ತು ಭಾವ ಜಗಳವಾಡುವುದು ವರ್ಷವರ್ಷದ ಪದ್ಧತಿ. ಈ ಸಲ ಭಾವನನ್ನು ಮಣೆಯಿಂದ ಎಬ್ಬಿಸಲು ನಾನೇ ಕೆಣಕಿದೆ. “ಅಂಜಲ್ ಬಿಟ್ರೆ ಯಾರಿತ್ರ್ ಭಾವ ಈ ವರ್ಷ?”

ಭಾವನ ಕಣ್ಣು ಸ್ವಲ್ಪ ತೆರೆಯಿತು. “ಬೈಗೆ,” ಎಂದರು. ನಂತರ ಮಣೆ ಬಿಟ್ಟು ಜಗಲಿಗೆ ಬಂದು ಕೂತು, ಅಡುಗೆಮನೆಗೆ ಕೇಳುವ ಹಾಗೆ, “ಹ್ವಾಯ್, ನೀನೇ ತೀರ್ಪ್ ಹೇಳ್. ಬೈಗೆ ಗೆದ್ರೆ ಸೈಕಲ್ ಗುಜ್ರಿಗ್ ಕೊಡುಕಿಲ್ಲೆ. ಅಂಜಲ್ ಗೆದ್ರೆ ನಾನೇ ಎತ್ತಿ ಕೊಡ್ತೆ.”

ಅಕ್ಕ ಹರಿವೆ ದಂಟು ಮತ್ತು ಅದನ್ನು ಹೆಚ್ಚುವ ಮೆಟ್ಟುಗತ್ತಿ ಹಿಡಿದುಕೊಂಡು ಜಗಲಿಗೆ ಬಂದು ಕೂತಳು. ಮಾರ್ಕು ಕೊಡುವುದರಲ್ಲಿ ಅಕ್ಕ ಜಿಪುಣಿ, ಇದು ಬ್ರಹ್ಮಾವರದ ಒಂದು ತಲೆಮಾರಿಗೇ ಗೊತ್ತು. ಭಾವನ ಸೈಕಲ್ಲಿಗೆ ಉಳಿಗಾಲವಿಲ್ಲ ಎಂದುಕೊಂಡೆ.

ನಾನು ಶುರುಮಾಡಿದೆ. ಅಂಜಲ್ ವಸಂತದಲ್ಲಿ ಗೆದ್ದ, ಬೇಸಿಗೆಯಲ್ಲಿ ಎಲ್ಲರಿಗಿಂತ ಮುಂದಿದ್ದವನಿಗೆ ಕೊಡುವ ಹಳದಿ ಅಂಗಿ ತೊಟ್ಟ, ಬೆಟ್ಟದಲ್ಲಿ ಅವನ ಬೆನ್ನು ಬಿಟ್ಟು ಬೇರೇನೂ ಯಾರಿಗೂ ಕಾಣಲಿಲ್ಲ. ಬೈಗೆ? ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಹುಡುಕಬೇಕು.

ಭಾವ ವಕೀಲರ ಹಾಗೆ ಎದ್ದು ನಿಂತರು. “ಅಂಜಲ್ ಕುಡ್ದ್ ನೀರ್ ತಂದದ್ದ್ ಯಾರ್?”

“ಬೈಗೆ.”

“ಗಾಳಿಗ್ ಎದ್ರ್ ತುಳ್ದ್, ಅವ್ನ ತನ್ನ ಬೆನ್ನ್ ಹಿಂದ್ ಇಟ್ಕಂಡದ್ದ್ ಯಾರ್?”

“ಬೈಗೆ.”

“ಏರ್ ಬಪ್ಪಲ್ಲಿವರಿಗೆ ಮುಟ್ಸದ್ದ್ ಯಾರ್?”

“ಬೈಗೆಯೇ. ಆರೆ ಗೆದ್ದದ್ದ್ ಅಂಜಲ್ ಅಲ್ದಾ ಭಾವ?”

“ಹೌದ್. ಬಸ್ಸಂಗೆ ಹೋಯಿ ಊರ್ ಮುಟ್ಟಿ, ನಾನೇ ನೆಡ್ದೆ ಅಂದಾಂಗ್,” ಎಂದರು ಭಾವ. ಅಕ್ಕ ದಂಟು ಹೆಚ್ಚುತ್ತಲೇ ಇದ್ದಳು. ಭಾವ ಕೊನೆಯ ಸಾಕ್ಷಿಯಾಗಿ, ಕೊಟ್ಟಿಗೆಯಲ್ಲಿ ಕೂತು ಗುಟ್ಟಾಗಿ ರೇಸು ನೋಡುತ್ತಿದ್ದ ಮೊಬೈಲ್ ತೆಗೆದು ಅವಳ ಮುಂದೆ ಹಿಡಿದರು. “ಇಕಾ, ಕೇಣ್. ಟಿವಿಯವನೇ ಹೇಳ್ತ.”

ಬೈಗೆಯ ಕೊನೆಯ ರೇಸು. ಮುದುಕ ಸವಾರ ಬೆನ್ನ ತುಂಬ ಬಾಟಲಿ ತುಂಬಿಕೊಂಡು, ಮಂಜು ಮುಸುಕಿದ ಬೆಟ್ಟದಲ್ಲಿ ಏರುತ್ತಿದ್ದಾನೆ. ವಿವರಣೆಕಾರ ಇಂಗ್ಲಿಷಿನಲ್ಲಿ ಭಾವುಕನಾಗಿ, ಎಂಥ ಕೆರಿಯರ್, ಎಂಥ ಸುದೀರ್ಘ ಕೆರಿಯರ್, ಎನ್ನುತ್ತಿದ್ದಾನೆ.

“ಕೇಂಡ್ಯಾ? ಕೆರಿಯರ್ ಅಂದ. ಇಷ್ಟ್ ವರ್ಷ ಸೈಕಲ್ಲಂಗೆ ಹುಡ್ಕ್‌ದೆ ನಾ. ಅದ್ ಇಪ್ಪುದ್ ಸೈಕಲ್ಲಂಗಲ್ಲ, ಬೈಗೆ ಬೆನ್ನಂಗೆ. ಬಾಟ್ಲಿ ಕಾಣ್. ಅವ್ನ ಬೆನ್ನೇ ಕೆರಿಯರ್!”

ಆಗ ನನಗೆ ಹೊಳೆಯಿತು, ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಂಡದ್ದು ಯಾಕೆಂದು. ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಭಾವ, ಅದು ಆ ಕೆರಿಯರ್ ಅಲ್ಲ, ಇಂಗ್ಲಿಷಿನಲ್ಲಿ ಹಾಗೆಂದರೆ ಉದ್ಯೋಗ, ಒಬ್ಬ ಮನುಷ್ಯ ಕೆಲಸಕ್ಕೆ ಸೇರಿದಲ್ಲಿಂದ ನಿವೃತ್ತಿಯವರೆಗೆ ಬಾಳಿದ್ದು ಎಂದು ಬಿಡಿಸಿ ಹೇಳಿದೆ.

ಭಾವನ ಮುಖ ಇಳಿಯಿತು. “ಹಾಂಗಾರೆ ಯಾರಿಗೂ ಕೆರಿಯರ್ ಇಲ್ಯಾ?” ಎಂದು ಮೊಬೈಲನ್ನು ಜೇಬಿಗೆ ಹಾಕಿ ಕೊಟ್ಟಿಗೆಯ ಕಡೆ ನೋಡಿದರು. ನನ್ನ ನಗು ಅಲ್ಲೇ ನಿಂತಿತು.

ಮೆಟ್ಟುಗತ್ತಿಯ ಸದ್ದೂ ನಿಂತಿತ್ತು.

“ನೀ ಎಂತ ನಗುದ್?” ಎಂದಳು ಅಕ್ಕ ನನಗೆ. “ನಂಗ್ ಕೆಲ್ಸ ಸಿಕ್ಕ್‌ದಾಗ ಈ ದಾರಿಯಂಗೆ ರಿಕ್ಷಾ ಬತ್ತಿರ್ಲಿಲ್ಲೆ. ಹೈವೇಗೆ ಹೋಯಿ ಬಸ್ ಹಿಡೀಕ್. ಅತ್ತೆ ಅಷ್ಟ್ ದೂರದ್ ಕೆಲ್ಸ ಬ್ಯಾಡ ಅಂದ್ರ್. ಇವ್ರ್ ಒಂದ್ ಮಾತ್ ಆಡ್ಲಿಲ್ಲೆ. ಮರ್ದಿನ ಬೆಳಿಗ್ಗೆ ಕಂಡ್ರೆ, ನಂಗ್ ಕೂಕಂಬುಕೆ ಕೆರಿಯರ್ ಮೇಲೆ ಹಳೇ ಕಂಬ್ಳಿ ಮಡ್ಚಿ ಕಟ್ಟಿದ್ರ್. ರಿಟೈರ್ ಆಪಲ್ಲಿವರಿಗೂ ಕಟ್ರ್. ನಾ ಕೊಡಿ ಹಿಡ್ಕಂಡ್ ಹಿಂದ್ ಕೂಕಂತಿದ್ದೆ, ಮಳಿ ಪೂರಾ ಇವ್ರ್ ಎದಿಗೆ.” ಹೆಚ್ಚಿದ ದಂಟನ್ನು ಒಂದು ಬದಿಗೆ ಸರಿಸಿ, “ನನ್ ಕೆರಿಯರ್ ಎಲ್ಲ ಆ ಕೆರಿಯರ್ ಮೇಲೇ ಆದ್ದ್, ತಮ್ಮ. ಬೈಗೆಗೇ ಫಸ್ಟ್,” ಎಂದಳು.

ಭಾವ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುಗಿಸುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಸೈಕಲ್ ಇರ್ಲಿ,” ಎಂದಳು ಅಕ್ಕ. “ಆರೆ ಹತ್ತುಕಿಲ್ಲೆ. ನೆಡ್ಸ್‌ಕಂಡ್ ಹೋಯ್ಲಕ್ಕ್.”

“ಖಾಲಿ ಸೈಕಲ್ ನೆಡ್ಸ್‌ಕಂಡ್ ಹೋಪುದ್ ಎಂತಕೆ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. “ಖಾಲಿ ಎಂತಕೆ? ಹೈವೇವರಿಗೆ ಹೋಪ, ಬನ್ನಿ.”

ಹೀಗೆ ಆ ಸಂಜೆ ನಾವು ಮೂವರು ಹೊರಟೆವು. ಬಿಸಿಲು ಗದ್ದೆಯ ತೆನೆಗಳ ಮೇಲೆ ಮಲಗಿತ್ತು. ಭಾವ ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯನ್ನು ಸೀಟಿಗೆ ಆನಿಸಿ ನಡೆಯುತ್ತಿದ್ದರು. ಅವರು ಮತ್ತೆ ಮಡಚಿ ಕಟ್ಟಿದ ಕಂಬಳಿಯ ಮೇಲೆ, ಹಳೆಯ ಅಭ್ಯಾಸದಂತೆ ಒಂದು ಬದಿಗೆ ಕಾಲು ಹಾಕಿ, ಸೀಟಿನ ಹಿಂಬದಿ ಹಿಡಿದು ಅಕ್ಕ ಕೂತಿದ್ದಳು. ಚಕ್ರ ಟಿಕ್ ಟಿಕ್ ಎನ್ನುತ್ತಿತ್ತು. ಭಾವ ಗದ್ದೆಗೆ ಬಿದ್ದ ಮೋರಿ ದಾಟಿತು. ಹೆದ್ದಾರಿಗೆ ಮೊದಲಿನ ಸಣ್ಣ ಏರು ಬಂದಾಗ ಭಾವನ ಉಸಿರು ಕೇಳತೊಡಗಿತು. ನಾನು ಮೆಲ್ಲಗೆ ಹಿಂದಿನಿಂದ ಕೈ ಕೊಟ್ಟೆ.

“ಹ್ವಾಯ್ ಕನ್ನಡ್ಕ, ದೂಡ್ಬ್ಯಾಡ,” ಎಂದರು ಭಾವ ತಿರುಗದೆಯೇ. “ರೂಲ್ಸಂಗೆ ಇಲ್ಲೆ. ಹೆಸ್ರ್ ಹೊಡ್ದ್ ಹಾಕ್ತ್ರ್.”

“ದೂಡ್ ತಮ್ಮ, ನೀ ದೂಡ್,” ಎಂದಳು ಅಕ್ಕ.

ಹೆದ್ದಾರಿ ಮುಟ್ಟುವ ಹೊತ್ತಿಗೆ ಉಡುಪಿಯ ಬಸ್ಸೊಂದು ನಮ್ಮನ್ನು ಕಂಡು ನಿಧಾನ ಮಾಡಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, “ಬ್ರಹ್ಮಾವರ, ಉಡ್ಪಿ!” ಎಂದ. ಅಕ್ಕ ಕೂತಲ್ಲಿಂದಲೇ ಕೈ ಬೀಸಿ, “ಇವತ್ತ್ ಬತ್ತಿಲ್ಲೆ, ನೀವ್ ಹೋಯ್ನಿ,” ಎಂದಳು. ಬಸ್ಸು ಹೋಯಿತು.

ಗೆರೆ ದಾಟಿ ಆಗಿತ್ತಲ್ಲ. “ಭಾವ, ಗೆದ್ರಿ. ಕೈ ಎತ್ತಿನಿ,” ಎಂದೆ.

ಭಾವ ಎತ್ತಲಿಲ್ಲ. ನೋಯುವ ಬಲಗೈಯನ್ನೂ ಹ್ಯಾಂಡಲಿಗೆ ತಂದು, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

“ಬಿಟ್ರೆ ಇವ್ಳ್ ಬೀಳ್ತಳ್ ಮಾರಾಯ,” ಎಂದರು.